ಸ್ಟೀವ್ ಸಾಹೇಬರು ಪಾನದಾನ ಹೊಗಳಿದ್ದು

ವಿದೇಶಿಯರ ವಿಷಯದಲ್ಲಿ ನಾನು ಭಾರಿ ತಿಳಿದವನು ಎಂಬ ಅಭಿಪ್ರಾಯ ಇಡೀ ಸೇಡಂನಲ್ಲಿ ಒಬ್ಬರಿಗೆ ಇತ್ತು. ಆ ಒಬ್ಬರು ನಾನೇ. ಹೀಗಾಗಿ, ನಾನು ಕೆಲಸ ಮಾಡುವ ಸಿಮೆಂಟ್ ಫ್ಯಾಕ್ಟರಿಗೆ ಹೊಸ ಯಂತ್ರ ಕೂಡಿಸಲು ಅಮೆರಿಕದಿಂದ ಒಬ್ಬರು, ಜರ್ಮನಿಯಿಂದ ಒಬ್ಬರು ಇಂಜಿನಿಯರ್ ಬರುತ್ತಾರೆಂದು ಸುದ್ದಿ ಬಂದಾಗ, ಮ್ಯಾನೇಜರ್ ಸಾಹೇಬರು ಕೇಳುವ ಮೊದಲೇ ನಾನು ಕೈ ಎತ್ತಿದೆ.

"ಅವರಿಬ್ಬರ ಜವಾಬ್ದಾರಿ ನನಗ ಬಿಡ್ರಿ ಸರ್," ಎಂದೆ.

ನಾನು ಅಲ್ಲಿನ ಸ್ಟೋರ್ ಕೀಪರ್. ಸಾವಿರಾರು ನಟ್ಟು ಬೋಲ್ಟುಗಳನ್ನು ನೋಡಿಕೊಳ್ಳುವವನಿಗೆ ಇಬ್ಬರು ಮನುಷ್ಯರನ್ನು ನೋಡಿಕೊಳ್ಳುವುದು ಎಷ್ಟರ ಮಾತು!

ತಯಾರಿ ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಅಮೆರಿಕದವರಿಗೂ ಯುರೋಪಿನವರಿಗೂ ಏನು ವ್ಯತ್ಯಾಸ ಎಂಬುದು ಅದರ ವಿಷಯ. ನೋಡಿದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿ ಚಂದ್ರಕಲಾಗೆ ವಿವರಿಸಿದೆ. ಅಮೆರಿಕದವರು ಗಟ್ಟಿಯಾಗಿ ಮಾತಾಡುತ್ತಾರೆ, ಗಟ್ಟಿಯಾಗಿ ನಗುತ್ತಾರೆ, ನೀರಿಗೆ ಬರ್ಫ ಕೇಳುತ್ತಾರೆ, ಮೊದಲ ಭೇಟಿಯಲ್ಲೇ ಬಾಲ್ಯದ ಗೆಳೆಯರಂತೆ ಹೆಗಲ ಮೇಲೆ ಕೈ ಹಾಕುತ್ತಾರೆ. ಯುರೋಪಿನವರು ಗಡಿಯಾರ ನೋಡಿಕೊಂಡು ಉಸಿರಾಡುತ್ತಾರೆ. ನಗಬೇಕಾದರೆ ಅವರಿಗೆ ಕಾರಣ ಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ಒಳಗೊಳಗೇ ಮೂಗು ಮುರಿಯುತ್ತಾರೆ.

ಚಂದ್ರಕಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಸಿವಾದ್ರ ಇಬ್ರೂ ಉಣ್ತಾರಿಲ್ಲೊ?"

"ಉಣ್ತಾರ. ಆದ್ರ ಇಬ್ಬರ ಸ್ವಭಾವ ಬ್ಯಾರೆ ಅದ. ಅದನ್ನ ತಿಳ್ಕೊಂಡು ಬಡಿಸಬೇಕಾಗ್ತದ. ಐತಾರ ಇಬ್ಬರಿಗೂ ಊಟಕ್ಕ ಕರದೀನಿ."

"ಕರದ ಮ್ಯಾಲ ಹೇಳಾಕತ್ತೀರಿ," ಎಂದಳು. ರೊಟ್ಟಿಯ ಸಪ್ಪಳ ಸ್ವಲ್ಪ ಜೋರಾಯಿತು.

ಫ್ಯಾಕ್ಟರಿಯಲ್ಲಿ ಮೊದಲ ದಿನವೇ ವಿಡಿಯೋ ನಿಜವಾಯಿತು. ಅಮೆರಿಕದ ಸ್ಟೀವ್ ಸಾಹೇಬರು ದೂರದಿಂದಲೇ ನನ್ನ ಹೆಸರು ಕೂಗಿ, ಹೇಗಿದ್ದೀರಿ ಎಂದು ಕೇಳಿದರು. ಇಷ್ಟು ಅಂತಃಕರಣದಿಂದ ನನ್ನನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು. ಬಿಪಿಯಿಂದ ಶುರು ಮಾಡಿದೆ. ಮೊಣಕಾಲಿಗೆ ಬರುವಷ್ಟರಲ್ಲಿ ಅವರು ಗೇಟು ದಾಟಿದ್ದರು. ಇರಲಿ, ಕೇಳಿದರಲ್ಲ! ಆಮೇಲೆ ಜರ್ಮನಿಯ ಮಾರ್ಟಿನ್ ಸಾಹೇಬರು ಸಿಕ್ಕರು. ನಾನು ನಮ್ಮ ಪದ್ಧತಿಯಂತೆ ಊಟ ಆಯಿತೇ ಎಂದೆ. ಅವರು ಗಡಿಯಾರ ನೋಡಿದರು.

"ಇನ್ನೂ ಇಲ್ಲ. ಹನ್ನೆರಡೂವರೆಗೆ ಮಾಡುತ್ತೇನೆ. ಏಕೆ ಕೇಳಿದಿರಿ?"

ಊಟ ಆಯ್ತೇನ್ರಿ ಎಂದು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ. ಏಕೆ ಕೇಳಿದೆ ಎಂದು ಯಾವ ಮನುಷ್ಯನೂ ತಿರುಗಿ ಕೇಳಿರಲಿಲ್ಲ. ಆ ಕ್ಷಣವೇ ತೀರ್ಮಾನಿಸಿದೆ. ಅಮೆರಿಕ ನಮ್ಮವರು, ಜರ್ಮನಿ ಕಷ್ಟ.

ಮುಂದಿನದು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ಮನೆಗೆ ಬಂದವರು ಯಾವುದಾದರೂ ವಸ್ತು ನೋಡಿ "ಛಂದ ಅದ" ಎಂದರೆ, ಮನೆಯವರು ತಕ್ಷಣ "ನಿಮ್ದೇ ಅದ, ತಗೋರಿ" ಅನ್ನಬೇಕು. ಅನ್ನದಿದ್ದರೆ ಜಿಪುಣರು. ಆಗ ಬಂದವರು "ಬ್ಯಾಡ್ರಿ, ನಿಮ್ಮ ಮನ್ಯಾಗೇ ಇರ್ಲಿ" ಅನ್ನಬೇಕು. ಅನ್ನದಿದ್ದರೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅನ್ನದವರು ಈ ಭಾಗದಲ್ಲಿ ಹುಟ್ಟಿರಲಿಲ್ಲ. ಪಕ್ಕದ ಮನೆಯ ಇಸ್ಮಾಯಿಲ್ ಚಾಚಾ ತಮ್ಮ ಮೋಟರ್ ಸೈಕಲನ್ನು ನನಗೆ ಎಷ್ಟೋ ಸಲ ಕೊಟ್ಟಿದ್ದಾರೆ. ನಾನು ನನ್ನ ಕಪಾಟನ್ನು ಅವರಿಗೆ ಕೊಟ್ಟಿದ್ದೇನೆ. ಮೋಟರ್ ಸೈಕಲ್ ಅವರ ಅಂಗಳದಲ್ಲೇ ಇದೆ, ಕಪಾಟು ನಮ್ಮ ಪಡಸಾಲೆಯಲ್ಲೇ ಇದೆ. ಪ್ರೀತಿ ಮಾತ್ರ ಆ ಕಡೆ ಈ ಕಡೆ ಓಡಾಡಿದೆ.

ಭಾನುವಾರ ಹನ್ನೆರಡೂವರೆಗೆ ಬರಲು ಹೇಳಿದ್ದೆ. ನಮ್ಮಲ್ಲಿ ಹನ್ನೆರಡೂವರೆ ಎಂದರೆ ಒಂದೂವರೆ. ಜರ್ಮನಿಯಲ್ಲಿ ಅದು ಹನ್ನೆರಡೂವರೆಯೇ ಅಂತೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬರೀ ಬನಿಯನ್ನಿನಲ್ಲಿ ಕೂತಿದ್ದವನು ಹಾಗೇ ಬಾಗಿಲು ತೆಗೆಯಬೇಕಾಯಿತು. ಸ್ಟೀವ್ ಸಾಹೇಬರು ನನ್ನನ್ನು ಬಾಚಿ ತಬ್ಬಿಕೊಂಡರು. ಎಣ್ಣೆ ಅವರ ಅಂಗಿಗೂ ಆಯಿತು. ಮಾರ್ಟಿನ್ ಸಾಹೇಬರು ಮಾರು ದೂರದಲ್ಲಿ ನಿಂತು ಕೈ ಚಾಚಿದರು.

ಒಳಗೆ ಬಂದದ್ದೇ ಸ್ಟೀವ್ ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿ, "ಓ, ಐ ಲವ್ ಇಟ್!" ಎಂದರು. ಅದು ಒಂದು ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಸಿಲಿಂಡರ್ ಬಂದ ದಿನಗಳನ್ನೆಲ್ಲ ಚಂದ್ರಕಲಾ ಅದರಲ್ಲಿ ಗುರುತು ಹಾಕಿದ್ದಳು. ನಾನು ರೀತಿಯಂತೆ ಕೈ ಮುಂದೆ ಮಾಡಿ, ನಿಮ್ಮದೇ, ತೆಗೆದುಕೊಳ್ಳಿ ಎಂದೆ. ಅವರು ಬೇಡ ಅನ್ನುವುದನ್ನು ಕಾಯುತ್ತ ನಿಂತೆ.

"ನಿಜವಾಗಿಯೂ? ನನಗೆ?" ಎಂದು ಮೊಳೆಯಿಂದ ಬಿಡಿಸಿ ಸುರುಳಿ ಸುತ್ತಿಕೊಂಡರು.

ಪಾಪ, ಅವರ ದೇಶದಲ್ಲಿ ಕ್ಯಾಲೆಂಡರಿಗೆ ಬರಗಾಲವಿರಬೇಕು ಎಂದುಕೊಂಡೆ. ಆಮೇಲೆ ಅವರು ಗಡಿಯಾರ ಹೊಗಳಿದರು. ಅದು ನನ್ನ ಬಾವಮೈದುನ ಕೊಟ್ಟ, ಗಂಟೆಗೊಮ್ಮೆ ಕೋಗಿಲೆಯಂತೆ ಕೂಗುವ ಗಡಿಯಾರ. ಅದೂ ಹೋಯಿತು. ಆಮೇಲೆ ಕೆಳಗೆ ನೋಡಿ ನೆಲವನ್ನು ಹೊಗಳಿದರು. ನೆಲ ಶಹಾಬಾದ್ ಪರಸಿ ಕಲ್ಲಿನದು. ಕೊಡುತ್ತೇನೆ ಅನ್ನದಿದ್ದರೆ ಮನೆತನದ ಮರ್ಯಾದೆ ಏನಾಗಬೇಕು? ಹಿತ್ತಲಲ್ಲಿ ಉಳಿದಿದ್ದ ಒಂದು ಪರಸಿಯನ್ನು ನಾನೇ ಹೊತ್ತು ಅವರ ಗಾಡಿಯಲ್ಲಿಟ್ಟೆ. ಸೊಂಟ ಕಳಕ್ ಎಂದಿತು. ಮೊದಲೇ ಹೇಳಿದ ಮೊಣಕಾಲೂ ಅದಕ್ಕೆ ಜೊತೆಯಾಯಿತು.

ಮಾರ್ಟಿನ್ ಸಾಹೇಬರು ಏನನ್ನೂ ಹೊಗಳಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ ಎಲ್ಲವನ್ನೂ ತಾಟು ಒರೆಸಿದಂತೆ ಉಂಡರು. ಸ್ಟೀವ್ ಸಾಹೇಬರು ತುತ್ತಿಗೊಮ್ಮೆ ಅದ್ಭುತ ಎಂದು ಕೂಗುತ್ತ ಅರ್ಧ ಬಿಟ್ಟರು. ಊಟ ಹೇಗಿತ್ತು ಎಂದು ಮಾರ್ಟಿನ್ ಸಾಹೇಬರನ್ನು ನಾನೇ ಬಾಯಿಬಿಟ್ಟು ಕೇಳಿದೆ.

ಅವರು ಯೋಚಿಸಿದರು. "ಕೆಟ್ಟದ್ದಾಗಿಲ್ಲ," ಎಂದರು.

ಮುಂಜಾನೆಯಿಂದ ಒಲೆಯ ಮುಂದೆ ಬೆಂದವಳಿಗೆ ಇದನ್ನು ಹೇಗೆ ಹೇಳುವುದು! ನನಗೆ ಬಹಳ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ನಮ್ಮದು ಎಂಥ ಮನೆತನ ಎಂದು ತೋರಿಸಲು, ಒಳಗಿನಿಂದ ಪಾನದಾನ ತರಿಸಿ ಎಲೆ ಅಡಿಕೆ ಮುಂದಿಟ್ಟೆ.

ಅದು ಚಂದ್ರಕಲಾಳ ಆಯಿಯ, ಅಂದರೆ ಅಜ್ಜಿಯ, ಕಾಲದ ಹಿತ್ತಾಳೆ ಪಾನದಾನ. ಮುಚ್ಚಳದ ಮೇಲೆ ಜೋಡಿ ನವಿಲು. ಒಳಗೆ ಸುಣ್ಣಕ್ಕೊಂದು, ಕಾಚಿಗೊಂದು, ಅಡಿಕೆಗೊಂದು ಪುಟ್ಟ ಬಟ್ಟಲು. ಸ್ಟೀವ್ ಸಾಹೇಬರು ಎರಡೂ ಕೈಯಿಂದ ಎತ್ತಿ ಹಿಡಿದು, "ಐ ಲವ್ ಇಟ್! ಐ ಆ್ಯಬ್ಸಲ್ಯೂಟ್ಲಿ ಲವ್ ಇಟ್!" ಎಂದರು.

ನನ್ನ ನಾಲಿಗೆ ನನ್ನನ್ನು ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು.

ಪರದೆಯ ಹಿಂದೆ ಏನೋ ಪಾತ್ರೆ ಬಿತ್ತು. ಸ್ಟೀವ್ ಸಾಹೇಬರು ಪಾನದಾನ ಎದೆಗವಚಿಕೊಂಡು ಹೊರಟರು. ಗಾಡಿ ಓಣಿ ದಾಟುವವರೆಗೂ ನಾನು ಕೈ ಬೀಸುತ್ತಲೇ ಇದ್ದೆ, ಏಕೆಂದರೆ ಹಿಂದೆ ತಿರುಗುವ ಧೈರ್ಯವಿರಲಿಲ್ಲ.

"ಗುರುವಾರ ಚಿಂಚೋಳಿಯಾಗ ಅಕ್ಕನ ಮಗಳ ನಿಶ್ಚಯ ಅದ," ಎಂದಳು ಚಂದ್ರಕಲಾ. ಧ್ವನಿ ಏರಿಸಲಿಲ್ಲ. "ಆ ಪಾನದಾನದಾಗ ಎಲಿ ಇಟ್ಟು ಬೀಗರ ಮುಂದ ಹಿಡೀಲಾರದ ನಮ್ಮ ಮನಿತನದಾಗ ಒಂದು ನಿಶ್ಚಯಾನೂ ಆಗಿಲ್ಲ. ಆಯಿದು, ಅವ್ವಂದು, ಅಕ್ಕಂದು, ನಂದು. ಗುರುವಾರ ಬೀಗರ ಮುಂದ ನಾ ಏನ್ ಹಿಡೀಲಿ? ನಿಮ್ಮ ಅಂಗೈ?"

"ಅವ್ರು ಬ್ಯಾಡ ಅಂತಾರ ಅಂದ್ಕೊಂಡಿದ್ದೆ."

"ಕ್ಯಾಲೆಂಡರಿಗಿ ಬ್ಯಾಡ ಅಂದ್ರೇನು? ಗಡಿಯಾರಕ್ಕ ಬ್ಯಾಡ ಅಂದ್ರೇನು?"

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳುವುದನ್ನು ನೋಡಲಾಗಲಿಲ್ಲ. ಬುಧವಾರ ಸಂಜೆ ಇಬ್ಬರೂ ಸಾಹೇಬರು ವಾಡಿ ಸ್ಟೇಷನ್ನಿನಿಂದ ಮುಂಬೈ ಗಾಡಿ ಹತ್ತುವವರಿದ್ದರು. ಅಷ್ಟರೊಳಗೆ ಪಾನದಾನ ಮನೆಗೆ ಬರಬೇಕು. ಹಾಗೆಂದು ಕೊಟ್ಟದ್ದನ್ನು ಬಾಯಿಬಿಟ್ಟು ವಾಪಸ್ ಕೇಳುವುದೆಂದರೆ, ಅದಕ್ಕಿಂತ ನಾಲ್ಕು ಜನರ ಮುಂದೆ ಧೋತರ ಬಿಚ್ಚಿ ನಿಲ್ಲುವುದು ಮೇಲು.

ಸೋಮವಾರ ಗೆಸ್ಟ್ ಹೌಸಿಗೆ ಹೋದೆ. ನನ್ನ ಯೋಜನೆ ಸರಳವಾಗಿತ್ತು. ಅವರು ಹೊಗಳಿದ್ದಕ್ಕೆ ನಾನು ಕೊಟ್ಟೆ. ಈಗ ನಾನು ಹೊಗಳಿದರೆ ಅವರು ಕೊಡಬೇಕು. ಪಾನದಾನ ಮೇಜಿನ ಮೇಲಿತ್ತು. ಸುಣ್ಣದ ಬಟ್ಟಲಲ್ಲಿ ಮೊಬೈಲಿನ ವೈರು ಸುತ್ತಿಟ್ಟಿದ್ದರು.

"ಆಹಾ, ಎಂಥ ಪಾನದಾನ!" ಎಂದೆ.

"ಹೌದಲ್ಲವೇ!" ಎಂದು ನನ್ನ ಬೆನ್ನಿಗೆ ಗುದ್ದಿದರು.

ನವಿಲು ಹೊಗಳಿದೆ. ಮುಚ್ಚಳ ಹೊಗಳಿದೆ. ಮುಚ್ಚಳದ ಕೀಲು ಹೊಗಳಿದೆ. ಹೊಗಳಿದಷ್ಟೂ ಅವರ ಮುಖ ಅರಳಿ, ಕೊನೆಗೆ ನನ್ನನ್ನು ತಬ್ಬಿಕೊಂಡರು. ತಬ್ಬಿಸಿಕೊಂಡು ಬರಿಗೈಯಲ್ಲಿ ಮನೆಗೆ ಬಂದೆ.

ಮಂಗಳವಾರ ಇಸ್ಮಾಯಿಲ್ ಚಾಚಾರ ಮೊರೆ ಹೋದೆ. ಅವರು ಪಾತ್ರೆಗಳಿಗೆ ಕಲಾಯಿ ಹಾಕುವವರು. ಆ ಪಾನದಾನಕ್ಕೆ ಕಲಾಯಿ ಹಾಕಿದ್ದೂ ಅವರೇ.

"ಅರೇ ಶರಣಪ್ಪ, ಅದಕ್ಯಾಕ ಇಷ್ಟು ಫಿಕರ್ ಮಾಡ್ತಿ? ಅದ್ರಾಗ ಮುದುಕಿ ಆತ್ಮ ಅದ ಅಂತ ಹೇಳಿಬಿಡು. ಓಡಿ ಬಂದು ಕೊಟ್ಟು ಹೋಗ್ತಾನ."

ಹೋಗಿ ಹೇಳಿದೆ. ಅಮಾವಾಸ್ಯೆಗೊಮ್ಮೆ ಮುಚ್ಚಳ ತಾನೇ ತೆರೆದುಕೊಳ್ಳುತ್ತದೆ, ಅಡಿಕೆ ಕತ್ತರಿಸುವ ಸದ್ದು ಬರುತ್ತದೆ ಎಂದು ಕೈಯಿಂದಲೂ ಒಂದಿಷ್ಟು ಸೇರಿಸಿದೆ. ಸ್ಟೀವ್ ಸಾಹೇಬರ ಕಣ್ಣು ಅಗಲವಾಯಿತು. ಹೆದರಿದರು, ಕೆಲಸ ಆಯಿತು ಎಂದುಕೊಂಡೆ. ಅವರು ಮೊಬೈಲ್ ತೆಗೆದು ಅಮೆರಿಕದಲ್ಲಿದ್ದ ಹೆಂಡತಿಗೆ ವಿಡಿಯೋ ಕಾಲ್ ಮಾಡಿದರು.

"ಹನಿ, ನಮಗೊಂದು ಭೂತ ಸಿಕ್ಕಿದೆ! ನಮ್ಮದೇ ಸ್ವಂತ ಭೂತ!"

ಆ ತಾಯಿ ನನಗೆ ಕೈ ಬೀಸಿ, ಭೂತದ ಹೆಸರು ಕೇಳಿದರು. ಗಾಬರಿಯಲ್ಲಿ ಆಯಿಯ ನಿಜವಾದ ಹೆಸರೇ ಬಾಯಿಗೆ ಬಂತು. ಗುರಮ್ಮ ಎಂದೆ. ಗಂಡ ಹೆಂಡತಿ ಸೇರಿ, ಗುರಮ್ಮನನ್ನು ತಮ್ಮ ಪಡಸಾಲೆಯಲ್ಲಿ ಎಲ್ಲಿಡಬೇಕೆಂದು ಚರ್ಚೆ ಶುರು ಮಾಡಿದರು. ಮೂಲೆಯಲ್ಲಿ ಓದುತ್ತ ಕೂತಿದ್ದ ಮಾರ್ಟಿನ್ ಸಾಹೇಬರು ತಲೆ ಎತ್ತದೆ, "ಭೂತ ಎಂಬುದು ಇಲ್ಲ," ಎಂದರು. ನನ್ನ ಪಕ್ಷ ವಹಿಸಿದರೋ ವಿರೋಧ ಪಕ್ಷ ವಹಿಸಿದರೋ ತಿಳಿಯಲಿಲ್ಲ.

ಈ ಸುದ್ದಿ ಮನೆಗೆ ನನಗಿಂತ ಮೊದಲೇ ತಲುಪಿತ್ತು. "ನಮ್ಮ ಆಯಿಗಿ ದೆವ್ವ ಮಾಡಿ ಅಮೆರಿಕಾಕ್ಕ ಕಳಸಾಕತ್ತೀರಿ," ಎಂದು ಚಂದ್ರಕಲಾ ತಾಟು ನನ್ನ ಮುಂದೆ ಕುಕ್ಕಿದಳು. ತಾಟಿನಲ್ಲಿ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ.

ಬುಧವಾರ ಮುಂಜಾನೆ ಕೊನೆಯ ಉಪಾಯವಾಗಿ ಬಜಾರಿನಿಂದ ಹೊಸ ಪಾನದಾನ ತಂದೆ. ಹಳೆಯದರ ಎರಡರಷ್ಟು ದೊಡ್ಡದು, ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಅದನ್ನು ಸ್ಟೀವ್ ಸಾಹೇಬರ ಕೈಗಿಟ್ಟು, ಇದು ಅದಕ್ಕಿಂತ ಬಹಳ ಉತ್ತಮವಾದದ್ದು ಎಂದು ಹೇಳಿ, ಹಳೆಯದರ ಕಡೆ ಕೈ ಚಾಚಿದೆ. ಬುದ್ಧಿಯಿದ್ದವರಿಗೆ ಇಷ್ಟು ಸಾಕಿತ್ತು.

"ಇನ್ನೊಂದೇ? ಇದು ನಮ್ಮ ಅಮ್ಮನಿಗೆ!" ಎಂದರು. ಚಾಚಿದ ನನ್ನ ಕೈಯನ್ನು ಹಿಡಿದು ಜೋರಾಗಿ ಕುಲುಕಿದರು. ಎರಡೂ ಪಾನದಾನ ಪೆಟ್ಟಿಗೆ ಸೇರಿದವು.

ಸಂಜೆ ಅವರನ್ನು ಬೀಳ್ಕೊಡಲು ವಾಡಿಗೆ ನಾನೇ ಹೋಗಬೇಕಾಯಿತು, ಜವಾಬ್ದಾರಿ ನನ್ನದಲ್ಲವೇ? ಚಿತ್ತಾಪುರ ದಾಟಿ ವಾಡಿ ಮುಟ್ಟುವವರೆಗೆ ಪರಸಿ ಕಲ್ಲು ನನ್ನ ಕಾಲ ಮೇಲೆ ಕೂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಸ್ಟೀವ್ ಸಾಹೇಬರು ಚಹಾದವನನ್ನು ಹೇಗಿದ್ದೀರಿ ಎಂದು ಕೇಳಲು ಹೋದರು. ನಾನು ಪೆಟ್ಟಿಗೆಗಳ ಪಕ್ಕ ತಲೆಗೆ ಕೈ ಹೊತ್ತು ಕೂತೆ. ನಾಳೆ ಚಿಂಚೋಳಿಯಲ್ಲಿ ಅಕ್ಕನ ಮುಂದೆ ಚಂದ್ರಕಲಾ ಬರಿಗೈಯಲ್ಲಿ ನಿಂತ ಚಿತ್ರ ಕಣ್ಣಿಗೆ ಕಟ್ಟಿತ್ತು.

ಮಾರ್ಟಿನ್ ಸಾಹೇಬರು ನನ್ನನ್ನು ನೋಡಿದರು. "ಏನಾದರೂ ತೊಂದರೆ ಇದೆಯೇ?"

"ಏನಿಲ್ಲ," ಎಂದೆ.

"ಸರಿ," ಎಂದು ಅವರು ಪುಸ್ತಕ ತೆರೆದರು.

ನೋಡಿ, ನಮ್ಮಲ್ಲಿ ಏನಿಲ್ಲ ಎಂದರೆ ಬಹಳ ಇದೆ ಎಂದರ್ಥ. ಇನ್ನೊಮ್ಮೆ ಕೇಳಬೇಕು, ಮತ್ತೊಮ್ಮೆ ಒತ್ತಾಯಿಸಬೇಕು, ಆಗ ಕಣ್ಣಲ್ಲಿ ನೀರು ತಂದುಕೊಂಡು ಹೇಳಬೇಕು. ಈ ಮನುಷ್ಯ ಏನಿಲ್ಲ ಎಂದರೆ ಏನೂ ಇಲ್ಲ ಎಂದು ತಿಳಿದು ಓದತೊಡಗಿದ! ಎರಡು ಸಲ ಕೆಮ್ಮಿದೆ. ನಿಟ್ಟುಸಿರು ಬಿಟ್ಟೆ. ಅವರು ಪುಟ ತಿರುಗಿಸಿದರು. ದೂರದಲ್ಲಿ ಗಾಡಿಯ ಸೀಟಿ ಕೇಳಿತು. ಕಣ್ಣು ಮುಚ್ಚಿ, ಜೀವನದಲ್ಲಿ ಮೊದಲ ಸಲ, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿಬಿಟ್ಟೆ.

"ಆ ಹಳೆಯ ಪಾನದಾನ ನನಗೆ ವಾಪಸ್ ಬೇಕು. ನನ್ನ ಹೆಂಡತಿ ಅಳುತ್ತಿದ್ದಾಳೆ."

ಮಾರ್ಟಿನ್ ಸಾಹೇಬರು ಪುಸ್ತಕ ಮುಚ್ಚಿದರು. ಎದ್ದು ನಿಂತು ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೂಗಿದರು. "ಸ್ಟೀವ್! ಇವರ ಹಳೆಯ ಪಾನದಾನ ಕೊಟ್ಟುಬಿಡು. ಇವರ ಹೆಂಡತಿ ಅಳುತ್ತಿದ್ದಾರೆ."

ಕಡಲೆಕಾಯಿ ಮಾರುವವಳು ಸಹ ನನ್ನತ್ತ ತಿರುಗಿ ನೋಡಿದಳು. ಭೂಮಿ ಬಾಯಿ ಬಿಡಲಿಲ್ಲ. ಪ್ಲಾಟ್‌ಫಾರ್ಮಿಗೂ ಪರಸಿ ಹಾಕಿದ್ದರು.

ಸ್ಟೀವ್ ಸಾಹೇಬರು ಓಡಿ ಬಂದರು. ನಾನು ನಾಚಿ ಹಿಡಿಯಾಗಿದ್ದರೆ ಅವರು ನನಗಿಂತ ಹೆಚ್ಚು ನಾಚಿದ್ದರು. ಬರುವ ಮುಂಚೆ ಅವರೂ ಒಂದು ವಿಡಿಯೋ ನೋಡಿದ್ದರಂತೆ. ಭಾರತದಲ್ಲಿ ಕೊಟ್ಟದ್ದನ್ನು ಬೇಡ ಅಂದರೆ ಮನೆಯವರಿಗೆ ಅವಮಾನ ಎಂದು ಅದರಲ್ಲಿತ್ತಂತೆ! ಕಲ್ಲನ್ನು ವಿಮಾನದಲ್ಲಿ ಹೇಗೆ ಒಯ್ಯಬೇಕೆಂದು ಅವರಿಗೆ ನಿದ್ದೆಯೇ ಹತ್ತಿರಲಿಲ್ಲ. ಗಡಿಯಾರ ಗಂಟೆಗೊಮ್ಮೆ ಕೂಗಿ ಹತ್ತಿದ ಅಷ್ಟಿಷ್ಟು ನಿದ್ದೆಯನ್ನೂ ಕೆಡಿಸಿತ್ತು. ನಿಟ್ಟುಸಿರು ಬಿಟ್ಟು ಪಾನದಾನ, ಕ್ಯಾಲೆಂಡರು, ಗಡಿಯಾರ, ಕಲ್ಲು ಎಲ್ಲ ಕೊಟ್ಟರು. ಹೊಸ ಪಾನದಾನವನ್ನು ಮಾತ್ರ ನಾನು ಬಲವಂತವಾಗಿ ಅವರ ತಾಯಿಗೆ ಉಳಿಸಿದೆ. ರೈಲಿನ ಬಾಗಿಲಲ್ಲಿ ನಿಂತು ಅವರು ಮಾರ್ಟಿನ್ ಸಾಹೇಬರ ಕಡೆ ತೋರಿಸಿ ನನ್ನ ಕಿವಿಯಲ್ಲಿ, "ಇವನು ಕೆಟ್ಟದ್ದಾಗಿಲ್ಲ ಅಂದರೆ ಕುಣಿದಾಡಿದ ಎಂದು ತಿಳಿಯಿರಿ," ಎಂದರು.

ಪಾನದಾನ ಕೈಗಿಟ್ಟಾಗ ಚಂದ್ರಕಲಾ ಅದನ್ನು ಸೆರಗಿನಲ್ಲಿ ಒರೆಸಿ ಎದೆಗೆ ಒತ್ತಿಕೊಂಡಳು. ನನ್ನ ಜೀವ ಜೀವಕ್ಕೆ ಬಂತು. ಸಂತೋಷದಲ್ಲಿ ಮಾರ್ಟಿನ್ ಸಾಹೇಬರ ಮಾತಿನ ಅರ್ಥವನ್ನೂ ಹೇಳಿದೆ.

"ಹಂಗಾದ್ರ ನೀವು ಮಂದಿ ಮನ್ಯಾಗ ಅಮೆರಿಕ, ನಮ್ಮ ಮನ್ಯಾಗ ಜರ್ಮನಿ," ಎಂದಳು. "ಅಂವಾ ಕೆಟ್ಟಿಲ್ಲ ಅಂತಾದ್ರೂ ಅಂದಾನ. ನೀವು ಅಷ್ಟೂ ಅನ್ನಂಗಿಲ್ಲ." ನಾನು ಗಡಿಯಾರಕ್ಕೆ ಮೊಳೆ ಹೊಡೆಯುವ ನೆಪದಲ್ಲಿ ಆಚೆ ಹೋದೆ.

ಆದರೆ ವಾಡಿಯಿಂದ ಬರುವಾಗಲೇ ನಾನು ಒಂದು ಮಹಾ ನಿರ್ಧಾರ ಮಾಡಿದ್ದೆ. ಸುತ್ತು ಬಳಸು ಮಾತಿನಿಂದಲೇ ಇಷ್ಟೆಲ್ಲ ಆಯಿತು. ಒಂದೇ ಒಂದು ನೇರ ಮಾತು ಎಲ್ಲವನ್ನೂ ಸರಿಮಾಡಿತು. ಇನ್ನು ಮೇಲೆ ನಾನೂ ಜರ್ಮನ್ ರೀತಿ.

ಗುರುವಾರ ಚಿಂಚೋಳಿಯಲ್ಲಿ ಎರಡೂ ಕಡೆಯವರು ಜಮಖಾನದ ಮೇಲೆ ಕೂತಿದ್ದರು. ಚಂದ್ರಕಲಾ ರೇಷ್ಮೆ ಸೀರೆಯುಟ್ಟು ಪಾನದಾನ ಹಿಡಿದು ಬಂದಳು. ಗಂಡಿನ ತಂದೆ ಎಲೆ ತೆಗೆದುಕೊಳ್ಳುತ್ತ ಮುಚ್ಚಳದ ನವಿಲು ನೋಡಿದರು.

"ಭಾಳ ಛಂದ ಅದ ನೋಡ್ರಿ ಪಾನದಾನ," ಎಂದರು.

ಎಲ್ಲರೂ ಪಾನದಾನ ತಂದ ಮನೆಯವನಾದ ನನ್ನ ಕಡೆ ನೋಡಿದರು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಛಂದ ಅದ್ರಿ," ಎಂದೆ. "ಆದ್ರ ಅದು ನಮ್ದು. ಕೊಡಾಂಗಿಲ್ಲ."

ಗಂಡಿನ ತಂದೆಯ ಕೈಯಲ್ಲಿದ್ದ ಎಲೆ ಪಾನದಾನಕ್ಕೆ ವಾಪಸಾಯಿತು. ಅವರ ಅಣ್ಣನವರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದೇಳುವ ಹಾಗೆ ಕಾಲು ಮಡಚಿದರು. ಒಳಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು. ಚಂದ್ರಕಲಾಳ ಅಕ್ಕ ನನ್ನನ್ನು ನೋಡಿದ ನೋಟವನ್ನು ನಾನಿಲ್ಲಿ ಬರೆಯಲಾರೆ.

ಚಂದ್ರಕಲಾ ತಡಮಾಡಲಿಲ್ಲ. ಮೂರು ದಿನ ಅತ್ತು ಪಡೆದ ಪಾನದಾನವನ್ನು ಎರಡೂ ಕೈಯಿಂದ ಅವರ ಮುಂದೆ ಚಾಚಿದಳು.

"ಇವ್ರು ಚಾಷ್ಟಿ ಮಾಡ್ತಾರ್ರಿ ಅಣ್ಣಾರ. ನಿಮ್ಮ ಮನಿಗಿ ನಮ್ಮ ಮಗಳನ್ನೇ ಕೊಡಾಕತ್ತೀವಿ, ಇದ್ಯಾವ ದೊಡ್ಡ ಮಾತು? ನಿಮ್ದೇ ಅದ, ತಗೋರಿ."

ನಾನು ಗಂಡಿನ ತಂದೆಯ ಕೈಯನ್ನೇ ನೋಡುತ್ತ ಕೂತೆ.

ಗಂಡಿನ ತಂದೆಯ ಮುಖ ಅರಳಿತು. "ಬ್ಯಾಡವ್ವಾ, ನಿಮ್ಮ ಮನ್ಯಾಗೇ ಇರ್ಲಿ. ಅಲ್ಲೇ ಶೋಭಾ ಅದಕ್ಕ," ಎಂದು ಎಲೆ ಬಾಯಿಗಿಟ್ಟುಕೊಂಡರು. ಅಣ್ಣನವರು ಕಾಲು ಬಿಡಿಸಿ ಕೂತರು. ನಿಶ್ಚಯ ಕೂಡಿತು.

ಆಮೇಲೆ ನನ್ನನ್ನು ಒಳಗೆ ಕೂಡಿಸುವುದು ಕ್ಷೇಮವಲ್ಲ ಎಂದು ಅಕ್ಕ ತಂಗಿ ಸೇರಿ ತೀರ್ಮಾನಿಸಿದರು. ಬೀಗರ ಊಟ ಮುಗಿಯುವವರೆಗೆ ಹೊರಗೆ ಚಪ್ಪಲಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಯಾರ ಜೊತೆಯೂ ಮಾತಾಡುವ ಪ್ರಸಂಗವಿಲ್ಲ, ಇದನ್ನಾದರೂ ಸರಿಯಾಗಿ ಮಾಡುತ್ತೇನೆ ಎಂದು ಕಟ್ಟೆಯ ಮೇಲೆ ಕೂತೆ. ಒಂದು ಕಂದು ನಾಯಿ ಬಂತು. ಗಂಡಿನ ತಂದೆಯ ಹೊಸ ಕೊಲ್ಹಾಪುರಿ ಚಪ್ಪಲಿಯಲ್ಲಿ ಒಂದನ್ನು ಬಾಯಲ್ಲಿ ಕಚ್ಚಿಕೊಂಡು ಹೊರಟೇಹೋಯಿತು. ಅದು ಚಪ್ಪಲಿಯನ್ನು ಹೊಗಳಲಿಲ್ಲ, ನಾನು ತಗೋ ಎಂದೂ ಅನ್ನಲಿಲ್ಲ.